ಸೂರಿನ ನೀರು ಎಲ್ಲಿ ಬೀಳುತ್ತದೆ? ಜಪಾನಿನ ಅರಮನೆ, ಕೋಟೆಗಳನ್ನು ಮಳೆಯಲ್ಲಿ ನೋಡುವುದು

ಜೂನ್ ಮೂರನೆಯ ವಾರ ಕ್ಯೋಟೋಗೆ ಹೋದರೆ ಮಳೆಗೆ ಸಿಕ್ಕಿಬೀಳುತ್ತೀರಿ ಎಂದು ಕೇಳಿದವರೆಲ್ಲ ಹೇಳಿದ್ದರು. ನಮ್ಮಲ್ಲಿ ಮೃಗಶಿರಾ ಮುಗಿದು ಆರಿದ್ರಾ ಹಿಡಿಯುವ ಹೊತ್ತು ಅದು. ಅಲ್ಲಿಯ ಮಳೆಗಾಲಕ್ಕೆ ತ್ಸುಯು ಎನ್ನುತ್ತಾರೆ. ಬರೆಯುವಾಗ ಪ್ಲಮ್ ಹಣ್ಣು, ಮಳೆ ಎಂಬ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ಆ ಹಣ್ಣು ಮಾಗುವಾಗ ಬರುವ ಮಳೆ. ಮಲೆನಾಡಿನ ಹಾಗೆ ಧೋ ಎಂದು ಸುರಿಯುವ ದಿನಗಳೂ ಇರುತ್ತವೆ, ಆದರೆ ಹೆಚ್ಚಾಗಿ ಬಿಡದೆ ಜಿನುಗುವ ಸೋನೆ. ಬಟ್ಟೆ ಒಣಗುವುದಿಲ್ಲ, ಚೀಲದೊಳಗಿನ ಕಾಗದ ಮೆತ್ತಗಾಗುತ್ತದೆ.

ನಾವು ಏಳೆಂಟು ಜನ, ಜೊತೆಗೆ ಅರವತ್ತು ದಾಟಿದ ಒಬ್ಬ ಗೈಡಮ್ಮ. ನಿಜೋ ಕೋಟೆಯ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ, ಸೂರಿನ ನೀರು ಎಲ್ಲಿ ಬೀಳುತ್ತಿದೆ ನೋಡಿಕೊಳ್ಳಿ, ಈ ಮೂರು ದಿನ ಹೋದಲ್ಲೆಲ್ಲ ಅದನ್ನೇ ನೋಡಿ ಎಂದರು. ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಮರ, ಮಣ್ಣು, ಕಾಗದ, ಹುಲ್ಲಿನ ಚಾಪೆ ಇಟ್ಟುಕೊಂಡು ಮಳೆ ಬೀಳುವ ನಾಡಿನಲ್ಲಿ ನಾನೂರು ವರ್ಷ ನಿಲ್ಲುವ ಮನೆ ಕಟ್ಟಬೇಕಾದರೆ, ಕಟ್ಟುವವನು ಮೊದಲು ಮಾತಾಡಬೇಕಾದ್ದು ನೀರಿನ ಜೊತೆಗೆ. ಜಪಾನಿನ ಕೋಟೆ, ಅರಮನೆಗಳು ಯಾಕೆ ಹಾಗಿವೆ ಎಂಬುದನ್ನು ಬಿಸಿಲಿನ ದಿನ ಪುಸ್ತಕ ನೋಡಿ ತಿಳಿಯಬೇಕು. ಮಳೆಯ ದಿನ ಕಣ್ಣೆದುರೇ ಕಾಣುತ್ತದೆ.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಜಪಾನಿನ ಕೋಟೆ ಎಂದ ಕೂಡಲೆ ಕಣ್ಣಿಗೆ ಬರುವುದು ಮಾಡಿನ ಮೇಲೆ ಮಾಡು ಏರಿಸಿದ ಎತ್ತರದ ಗೋಪುರ. ಒಡೆಯ ಅದರಲ್ಲೇ ವಾಸವಾಗಿದ್ದ ಎಂದುಕೊಳ್ಳುತ್ತೇವೆ. ಬಹುಮಟ್ಟಿಗೆ ಅದು ನಿಜವಲ್ಲ. ಆ ಗೋಪುರದ ಹೆಸರು ತೆನ್ಶು. ಅದು ಉಗ್ರಾಣ, ಆಯುಧಶಾಲೆ, ಮುತ್ತಿಗೆ ಬಿದ್ದಾಗ ಕೊನೆಯ ಆಸರೆ, ಎಲ್ಲಕ್ಕಿಂತ ಮಿಗಿಲಾಗಿ ಸುತ್ತಲ ಊರುಗಳಿಗೆ ಕಾಣುವ ಅಧಿಕಾರದ ಗುರುತು. ಒಡೆಯ ಉಂಡು, ಮಲಗಿ, ದರ್ಬಾರು ನಡೆಸುತ್ತಿದ್ದದ್ದು ಕೋಟೆಯೊಳಗೇ ಕೆಳಗೆ ಹರಡಿಕೊಂಡಿರುತ್ತಿದ್ದ ಒಂದಂತಸ್ತಿನ ಮನೆಗಳಲ್ಲಿ. ಅವಕ್ಕೆ ಗೊತೆನ್ ಎನ್ನುತ್ತಾರೆ. ಬಹುತೇಕ ಕೋಟೆಗಳಲ್ಲಿ ಗೊತೆನ್ ಸುಟ್ಟುಹೋಗಿದೆ ಇಲ್ಲವೆ ಕೆಡವಿದ್ದಾರೆ. ಗೋಪುರ ಒಂದೇ ಉಳಿದದ್ದರಿಂದ ನಮಗೆ ಅದೇ ಅರಮನೆಯಂತೆ ಕಾಣುತ್ತದೆ. ಮೂರನೆಯದು ಗೊಶೊ, ಎಂದರೆ ಚಕ್ರವರ್ತಿಯ ಅರಮನೆ. ಅದಕ್ಕೆ ಗೋಪುರವಿಲ್ಲ, ಗುಂಡು ಹಾರಿಸುವ ಕಿಂಡಿಯಿಲ್ಲ, ಆಳವಾದ ಕಂದಕವಿಲ್ಲ. ಮಣ್ಣಿನ ಒಂದು ಗೋಡೆ, ಒಳಗೆ ಬಯಲು, ಬಯಲಿನಾಚೆ ಮನೆಗಳು.

ಈ ವ್ಯತ್ಯಾಸದ ಹಿಂದೆ ಜಪಾನಿನ ಇತಿಹಾಸದ ಮುಖ್ಯ ಎಳೆಯೊಂದಿದೆ. 794ರಲ್ಲಿ ಕ್ಯೋಟೋ ರಾಜಧಾನಿಯಾಯಿತು. ಹತ್ತೊಂಬತ್ತನೆಯ ಶತಮಾನದವರೆಗೆ ಚಕ್ರವರ್ತಿಗಳು ಅಲ್ಲೇ ಇದ್ದರು. ಆದರೆ ಹನ್ನೆರಡನೆಯ ಶತಮಾನದ ಕೊನೆಯಿಂದ ಆಳುವ ಬಲ ಹೆಚ್ಚು ಕಾಲ ಯೋಧರ ಕೈಯಲ್ಲಿತ್ತು, ಅವರ ಒಡೆಯ ಶೋಗನ್. ಚಕ್ರವರ್ತಿಯದು ಪೂಜ್ಯ ಸ್ಥಾನ, ಶೋಗನ್‌ನದು ಕತ್ತಿ. 1603ರಲ್ಲಿ ಶೋಗನ್ ಆದ ತೊಕುಗಾವಾ ಇಯೆಯಾಸು ದೂರದ ಎದೋದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ನೆಲೆ ಮಾಡಿದ. ಕ್ಯೋಟೋಗೆ ಬಂದಾಗ ಉಳಿಯಲು, ಗೊಶೊದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ನಿಜೋ ಕೋಟೆ ಕಟ್ಟಿಸಿದ. 1626ರಲ್ಲಿ ಚಕ್ರವರ್ತಿ ಗೊ-ಮಿಜುನೊ-ಓ ಅಲ್ಲಿಗೆ ಭೇಟಿ ಕೊಡುವ ಸಂದರ್ಭಕ್ಕೆ ಮೊಮ್ಮಗ ಇಯೆಮಿತ್ಸುವಿನ ಕಾಲದಲ್ಲಿ ಅದನ್ನು ದೊಡ್ಡದು ಮಾಡಿದರು. ಚಕ್ರವರ್ತಿ ತನ್ನ ಮನೆ ಬಿಟ್ಟು ಶೋಗನ್‌ನ ಕೋಟೆಗೆ ಬಂದ ಎಂಬುದೇ ಆ ಕಾಲದ ಅಧಿಕಾರ ಯಾರದೆಂದು ಹೇಳುತ್ತದೆ.

ನಿಜೋದ ನಿನೊಮಾರು ಗೊತೆನ್ ಉಳಿದಿರುವ ಕೆಲವೇ ಗೊತೆನ್‌ಗಳಲ್ಲಿ ಒಂದು. ಆರು ಮನೆಗಳು, ಮೂವತ್ತಮೂರು ಕೋಣೆ, ಎಂಟುನೂರಕ್ಕೂ ಹೆಚ್ಚು ತತಾಮಿ ಚಾಪೆ. ಆರೂ ಒಂದೇ ಸಾಲಿನಲ್ಲಿಲ್ಲ. ಒಂದರ ಮಗ್ಗುಲಿಗೆ ಒಂದು ಓರೆಯಾಗಿ ಸರಿಯುತ್ತ ಹೋಗುತ್ತವೆ. ಬಾನಿನಲ್ಲಿ ಹೆಬ್ಬಾತುಗಳು ಹಾರುವ ಸಾಲಿನ ಹೆಸರನ್ನೇ ಈ ಜೋಡಣೆಗೆ ಇಟ್ಟಿದ್ದಾರೆ. ಹಾಗೆ ಸರಿಸಿದ್ದರಿಂದ ಪ್ರತಿ ಮನೆಯ ಎರಡು ಮೂರು ಮಗ್ಗುಲಾದರೂ ಹೊರಗೆ ತೆರೆದುಕೊಳ್ಳುತ್ತದೆ, ಬೆಳಕು ಗಾಳಿ ಒಳಗೆ ಬರುತ್ತದೆ. ಸೆಖೆಯ, ತೇವದ ಬೇಸಿಗೆಯಲ್ಲಿ ಅದಿಲ್ಲದೆ ಇರಲಾಗದು. ಒಳ ಕೋಣೆಗಳ ಸುತ್ತ ಅಗಲವಾದ ಮರದ ಓಣಿ, ಅದರಾಚೆ ಚಾಚಿಕೊಂಡ ಸೂರು. ಮಳೆ ಎಷ್ಟೇ ಓರೆಯಾಗಿ ಹೊಡೆದರೂ ಎರಚಲು ಚಿತ್ರದ ಗೋಡೆಯವರೆಗೆ ತಲುಪುವುದಿಲ್ಲ.

ಚಪ್ಪಲಿ ಬಿಟ್ಟು ಆ ಓಣಿಯಲ್ಲಿ ಕಾಲಿಟ್ಟರೆ ನೆಲ ಚಿಲಿಪಿಲಿ ಎನ್ನುತ್ತದೆ. ಹೆಜ್ಜೆ ಹಾಕಿದಾಗ ಹಲಗೆ ಕೆಳಗೆ ಬಾಗುತ್ತದೆ, ಅದನ್ನು ಹಿಡಿದ ಕಬ್ಬಿಣದ ಹಿಡಿಕೆಗೂ ಮೊಳೆಗೂ ಉಜ್ಜಾಟವಾಗಿ ಹಕ್ಕಿಯಂಥ ಸದ್ದು ಬರುತ್ತದೆ. ಕಳ್ಳ ಹೆಜ್ಜೆಯಲ್ಲಿ ಬರುವ ಶತ್ರುವನ್ನು ಹಿಡಿಯಲು ಬೇಕೆಂದೇ ಮಾಡಿದ ಉಪಾಯ ಎಂಬ ಕಥೆಯನ್ನು ಪ್ರವಾಸಿಗಳಿಗೆ ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಕೋಟೆಯಲ್ಲಿರುವ ಫಲಕ ಬೇರೆಯೇ ಹೇಳುತ್ತದೆ: ವರ್ಷಗಳು ಕಳೆದು ಮೊಳೆ ಸಡಿಲವಾಗಿದ್ದರಿಂದ ಬಂದ ಸದ್ದು. ನನಗೆ ಈ ಎರಡನೆಯದೇ ಹೆಚ್ಚು ಇಷ್ಟವಾಯಿತು. ಲಕ್ಷಾಂತರ ಕಾಲುಗಳು ನಡೆದು ನಡೆದು ಕಟ್ಟಡಕ್ಕೆ ಬಂದ ದನಿ ಅದು.

ಕೋಣೆಗಳ ಕ್ರಮವೇ ಒಂದು ಪಾಠ. ಮೊದಲನೆಯದು ತೊಜ಼ಮುರೈ, ಬಂದವರು ಕಾಯುವ ಜಾಗ. ಗೋಡೆ ತುಂಬ ಹುಲಿ, ಚಿರತೆ. ಚಿತ್ರ ಬರೆದವರು ಜೀವಂತ ಹುಲಿ ಕಂಡವರಲ್ಲ, ಹೊರದೇಶದಿಂದ ಬಂದ ಚರ್ಮ ನೋಡಿ ಬರೆದರು. ಚಿರತೆಯೆಂದರೆ ಹೆಣ್ಣು ಹುಲಿ ಎಂದು ತಿಳಿದಿದ್ದರು. ಕಾಯುವವನ ಎದೆ ಮೊದಲೇ ಅಳುಕಲಿ ಎಂಬುದು ಉದ್ದೇಶ. ಮುಂದೆ ದೊಡ್ಡ ಸಭಾಂಗಣ ಒಹಿರೊಮಾ. ಶೋಗನ್ ಕೂರುವ ಕಡೆ ನೆಲ ಒಂದು ಮೆಟ್ಟಿಲು ಎತ್ತರ, ಅವನ ತಲೆಯ ಮೇಲಿನ ಚಾವಣಿಯೂ ಎತ್ತರ, ಹಿಂದೆ ಗೋಡೆ ತುಂಬಿದ ಪೈನ್ ಮರ. ಕಾನೋ ಮನೆತನದ ಚಿತ್ರಕಾರರ ಕೆಲಸ, ಮುಂದಾಳು ಕಾನೋ ತನ್ಯೂ. ಒಳಗೊಳಗೆ ಹೋದಂತೆ ಹುಲಿಗಳು ಮರೆಯಾಗುತ್ತವೆ. ಶೋಗನ್ ಮಲಗುವ ಮನೆಗೆ ಬರುವಷ್ಟರಲ್ಲಿ ಮಸಿಯಲ್ಲಿ ಬರೆದ ಶಾಂತ ಬೆಟ್ಟ, ಕೆರೆ. ಹೊರಗಿನವರಿಗೆ ಗರ್ಜನೆ, ಒಳಗಿನವರಿಗೆ ಮೌನ. 1867ರಲ್ಲಿ ಕೊನೆಯ ಶೋಗನ್ ಯೊಶಿನೊಬು ಅಧಿಕಾರವನ್ನು ಚಕ್ರವರ್ತಿಗೆ ಹಿಂದಿರುಗಿಸುವ ನಿರ್ಧಾರ ತಿಳಿಸಿದ್ದೂ ಇದೇ ಅರಮನೆಯಲ್ಲಿ. ತೊಕುಗಾವಾ ಮನೆತನದ ಆಳ್ವಿಕೆಯ ಮೊದಲೂ ಕೊನೆಯೂ ಒಂದೇ ಸೂರಿನಡಿ.

ಮೋಡ ಕವಿದ ದಿನ ಈ ಕೋಣೆಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಚಿತ್ರಗಳ ಹಿನ್ನೆಲೆಗೆಲ್ಲ ಚಿನ್ನದ ರೇಕು. ಫೋಟೋದಲ್ಲಿ ನೋಡಿದಾಗ ಅದು ಬರೀ ಆಡಂಬರ ಎನಿಸಿತ್ತು. ಸೂರು ಅಷ್ಟು ಚಾಚಿದರೆ ಮಳೆ ಬಾರದು ನಿಜ, ಬೆಳಕೂ ಬಾರದು. ಕೋಣೆ ಗವಿಯಂತಾಗುತ್ತದೆ. ಅಂಗಳದಿಂದ ತೂರಿ ಬರುವ ಚೂರು ಬೆಳಕನ್ನು ಹಿಡಿದು ಒಳಗೆ ಹರಡುವ ಕೆಲಸ ಆ ಚಿನ್ನದ್ದು. ಹೊರಗೆ ಮಳೆ ಜೋರಾದಾಗ ಮರ, ಚಾಪೆ ಎಲ್ಲ ಕಪ್ಪಾಗಿ ಚಿನ್ನದ ಗೋಡೆ ಮಾತ್ರ ಮಂದವಾಗಿ ಉಳಿಯಿತು. ಈಗ ಕೋಣೆಗಳಲ್ಲಿ ನೋಡಸಿಗುವುದು ಹೆಚ್ಚಾಗಿ ಪ್ರತಿಗಳು. ಮೂಲ ಚಿತ್ರಗಳನ್ನು ಅದೇ ಆವರಣದ ಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ.

ಗೊಶೊಗೆ ಮಾರನೆಯ ದಿನ ಹೋದೆವು. ಈಗ ಮುಂಚೆ ಅರ್ಜಿ ಹಾಕುವ ಅಗತ್ಯವಿಲ್ಲ, ಪ್ರವೇಶಕ್ಕೆ ಹಣವೂ ಇಲ್ಲ, ಗೈಡ್ ಜೊತೆಗಿನ ಸುತ್ತಾಟವೂ ಉಚಿತ. ಮಹಾದ್ವಾರದೊಳಗೆ ಬಿಳಿ ಜಲ್ಲಿ ಹರಡಿದ ವಿಶಾಲ ಅಂಗಳ, ಅದರ ಕೊನೆಗೆ ಶಿಶಿನ್‌ದೆನ್ ಎಂಬ ಮುಖ್ಯ ಸಭಾಮಂದಿರ. ಒಂದು ಮಗ್ಗುಲಿಗೆ ಚೆರಿ ಮರ, ಇನ್ನೊಂದಕ್ಕೆ ತಚಿಬಾನಾ ಎಂಬ ಕಿತ್ತಳೆ ಜಾತಿಯ ಮರ. ಮೆಯ್ಜಿ, ತೈಶೋ, ಶೋವಾ ಚಕ್ರವರ್ತಿಗಳ ಪಟ್ಟಾಭಿಷೇಕ ನಡೆದದ್ದು ಇಲ್ಲಿ. ಜಲ್ಲಿಯ ಮೇಲೆ ಬಿದ್ದ ನೀರು ನಿಲ್ಲದೆ ಇಂಗುತ್ತಿತ್ತು. ಬಿಸಿಲಿದ್ದಾಗ ಇದೇ ಬಿಳಿ ಜಲ್ಲಿ ಬೆಳಕನ್ನು ಮೇಲಕ್ಕೆ ಚಿಮ್ಮಿಸಿ ಸೂರಿನಡಿಯ ಕತ್ತಲೆಯನ್ನು ಬೆಳಗುತ್ತದೆ.

ನಮ್ಮ ಗುಂಪು ಹೆಚ್ಚು ಹೊತ್ತು ನಿಂತದ್ದು ಮಾಡಿನ ಕೆಳಗೆ. ಗೊಶೊದ ಮುಖ್ಯ ಮನೆಗಳಿಗೆ ಹೊದಿಸಿರುವುದು ಹೆಂಚಲ್ಲ, ಮರದ ತೊಗಟೆ. ಹಿನೊಕಿ ಎಂಬ ಸೂಚಿಪರ್ಣಿ ಮರದ್ದು. ಈ ಹೊದಿಕೆಗೆ ಹಿವಾದ ಎನ್ನುತ್ತಾರೆ. ಮರ ಕಡಿಯುವುದಿಲ್ಲ. ಎಪ್ಪತ್ತು ವರ್ಷ ಮೀರಿದ, ನಿಂತ ಮರದಿಂದಲೇ ಒಳಪದರಕ್ಕೆ ಗಾಯವಾಗದಂತೆ ತೊಗಟೆ ಸುಲಿಯುತ್ತಾರೆ. ಸುಮಾರು ಹತ್ತು ವರ್ಷಕ್ಕೆ ಹೊಸ ತೊಗಟೆ ಬೆಳೆದಿರುತ್ತದೆ, ಮತ್ತೆ ಸುಲಿಯಬಹುದು. ಮಾಡಿಗೆ ಹೊದಿಸುವಾಗ ಮುಕ್ಕಾಲು ಮೀಟರ್ ಉದ್ದದ ಪಟ್ಟಿಗಳನ್ನು ಒಂದರ ಮೇಲೊಂದು ಇಡುತ್ತ, ಪ್ರತಿ ಸಾಲನ್ನೂ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮೇಲಕ್ಕೆ ಸರಿಸಿ, ಬಿದಿರಿನ ಮೊಳೆ ಹೊಡೆಯುತ್ತಾರೆ. ಎಂದರೆ ಮಾಡಿನ ಯಾವ ಜಾಗದಲ್ಲಿ ಹನಿ ಬಿದ್ದರೂ ಅದರ ಕೆಳಗೆ ಹತ್ತಾರು ಪದರ. ಕೆಲಸಗಾರರು ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು ಒಂದೊಂದಾಗಿ ತುಟಿಗೆ ತಂದು ಹೊಡೆಯುತ್ತಾರೆ. ತೊಗಟೆಯಲ್ಲಿರುವ ಎಣ್ಣೆ ಅಂಶ ನೀರು ಹಿಡಿಸಿಕೊಳ್ಳುವುದಿಲ್ಲ. ಇಷ್ಟೆಲ್ಲ ಮಾಡಿದ ಮಾಡು ಮೂವತ್ತು ನಲವತ್ತು ವರ್ಷ ಬಾಳುತ್ತದೆ, ಆಮೇಲೆ ಪೂರ್ತಿ ಬದಲಿಸಬೇಕು. 2020ರಲ್ಲಿ ಯುನೆಸ್ಕೋ ಜಪಾನಿನ ಮರದ ಕಟ್ಟಡ ಕಾಪಾಡುವ ಕೌಶಲಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ತೊಗಟೆ ಸುಲಿಯುವುದು, ಹೊದಿಸುವುದು ಎರಡೂ ಅದರಲ್ಲಿದ್ದವು.

ಆ ಮಾಡಿನ ಅಂಚಿಗೆ ನೀರು ಹಿಡಿಯುವ ದೋಣಿಯಿಲ್ಲ. ನೀರು ದಾರದಂತೆ ಸಾಲಾಗಿ ನೇರ ಕೆಳಗಿಳಿದು ನೆಲದಲ್ಲಿ ಕಲ್ಲು ಕಟ್ಟಿದ ಕಿರುಗಾಲುವೆಗೆ ಬೀಳುತ್ತದೆ. ಸೂರಂಚಿನ ಗೆರೆಯೂ ಕಾಲುವೆಯ ಗೆರೆಯೂ ಒಂದಕ್ಕೊಂದು ಅಚ್ಚು ಹೊಡೆದಂತೆ ಕೂಡುತ್ತವೆ. ಬೇಸಿಗೆಯಲ್ಲಿ ಬಂದವರಿಗೆ ಆ ಕಾಲುವೆ ಅಂಗಳದ ಅಲಂಕಾರದಂತೆ ಕಾಣಬಹುದು.

ತೊಗಟೆ ಮಳೆಯನ್ನು ಗೆಲ್ಲುತ್ತದೆ, ಬೆಂಕಿಗೆ ಸೋಲುತ್ತದೆ. ಗೊಶೊ ಎಷ್ಟೋ ಸಲ ಸುಟ್ಟಿದೆ. ಈಗಿರುವ ಮನೆಗಳು 1854ರ ಬೆಂಕಿಯ ಮರುವರ್ಷ, 1855ರಲ್ಲಿ ಕಟ್ಟಿದವು. 1954ರಲ್ಲಿ ಕಾಮೋ ನದಿಯ ಬಳಿ ಹಾರಿಸಿದ ಪಟಾಕಿಯ ಕಿಡಿ ಬಿದ್ದು ಕೊಗೊಶೊ ಎಂಬ ಮನೆ ಸುಟ್ಟುಹೋಯಿತು. 1958ರಲ್ಲಿ ಮತ್ತೆ ಕಟ್ಟಿದರು. ಪ್ರತಿ ಸಲವೂ ಹೆಂಚಿಗೆ ಬದಲಾಗಬಹುದಿತ್ತು. ಆಗಲಿಲ್ಲ. ಚಕ್ರವರ್ತಿಯ ಮನೆ ಹೀಗೇ ಇರಬೇಕು ಎಂಬ ಹಿಂದಿನ ಕ್ರಮವನ್ನು ಬಿಡಲು ಆಸ್ಥಾನ ಒಪ್ಪಲಿಲ್ಲ. ಪದ್ಧತಿ ಉಳಿಯುವುದಾದರೆ ಮತ್ತೆ ಮತ್ತೆ ಕಟ್ಟಲು ಅವರು ತಯಾರಿದ್ದರು.

ಯೋಧರು ಹಾಗೆ ಯೋಚಿಸುವಂತಿರಲಿಲ್ಲ. ಬಂದೂಕು, ಬೆಂಕಿಬಾಣಗಳ ಎದುರು ನಿಲ್ಲಬೇಕಾದ ಗೋಪುರಕ್ಕೆ ತೊಗಟೆ ಹೊದಿಸಲಾಗದು. ಅವರ ಉತ್ತರ ಏನೆಂದು ನೋಡಲು ಹಿಮೆಜಿಗೆ ಹೋಗಬೇಕು. ಕ್ಯೋಟೋದಿಂದ ಶಿಂಕಾನ್ಸೆನ್ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನಿಲ್ದಾಣದಿಂದ ಹೊರಬಂದರೆ ನೇರ ಬೀದಿಯ ಕೊನೆಗೆ, ಮಳೆಯ ಮಬ್ಬಿನಲ್ಲಿ, ಬೆಟ್ಟದ ಮೇಲೆ ಬಿಳಿ ಗೋಪುರ. ಅದರ ಇನ್ನೊಂದು ಹೆಸರು ಬೆಳ್ಳಕ್ಕಿ ಕೋಟೆ. ಇಕೆದಾ ತೆರುಮಾಸಾ ಎಂಬ ಸಾಮಂತ 1601ರಲ್ಲಿ ಶುರುಮಾಡಿ 1609ರಲ್ಲಿ ಮುಗಿಸಿದ್ದು. ಹೊರಗಿನಿಂದ ಐದು ಅಂತಸ್ತು ಕಾಣುತ್ತದೆ, ಒಳಗೆ ಆರು ಅಂತಸ್ತು ಮತ್ತೊಂದು ನೆಲಮಾಳಿಗೆ. 1993ರಲ್ಲಿ ಹೊರ್ಯೂಜಿ ದೇವಾಲಯದ ಸುತ್ತಲ ಕಟ್ಟಡಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆ ಬಿಳಿ ಬಣ್ಣ ಬರೀ ಬಣ್ಣವಲ್ಲ, ಗಾರೆ. ಬಿದಿರಿನ ಹಂದರಕ್ಕೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿ ದಪ್ಪ ಗೋಡೆ ಮಾಡುತ್ತಾರೆ. ಅದರ ಮೇಲೆ ಶಿಕ್ಕುಯಿ ಎಂಬ ಸುಣ್ಣದ ಗಿಲಾವು. ಸುಣ್ಣಕ್ಕೆ ಸೆಣಬಿನ ನಾರು, ಕಡಲಪಾಚಿ ಬೇಯಿಸಿ ತೆಗೆದ ಅಂಟು ಸೇರಿಸುತ್ತಾರೆ. ನಮ್ಮ ಹಳೆಯ ಗಾರೆ ಕೆಲಸದವರು ಬೆಲ್ಲದ ನೀರು, ಅಳಲೆಕಾಯಿ ಬೆರೆಸುತ್ತಿದ್ದುದು ನೆನಪಾಯಿತು. ಹಿಮೆಜಿಯಲ್ಲಿ ಈ ಗಿಲಾವು ಗೋಡೆಗೆ ಮಾತ್ರ ನಿಂತಿಲ್ಲ: ಸೂರಿನ ಅಡಿಯ ಮರ, ಕಿಟಕಿಯ ಸರಳು ಎಲ್ಲದಕ್ಕೂ ಸುಣ್ಣದ ಹೊದಿಕೆ. ಹೊರಗಿನ ಕಿಡಿಗೆ ಮರ ಸಿಗಬಾರದು. ಹೆಂಚುಗಳ ಸಂದಿಗೂ ಅದನ್ನೇ ಮೆತ್ತಿ ಗಾಳಿಮಳೆಗೆ ಹೆಂಚು ಸರಿಯದಂತೆ, ನೀರು ನುಗ್ಗದಂತೆ ಮಾಡಿದ್ದಾರೆ. ದೂರದಿಂದ ಮಾಡೂ ಬೂದು ಬಿಳಿಯಾಗಿ ಕಾಣುವುದು ಇದರಿಂದಲೇ.

ಆದರೆ ಸುಣ್ಣಕ್ಕೆ ತೇವವೇ ಶತ್ರು. ವರ್ಷಗಳು ಹೋದಂತೆ ಬೂಷ್ಟು ಹಿಡಿದು ಗೋಪುರ ಕಪ್ಪಗಾಗುತ್ತದೆ. 2009ರಿಂದ 2015ರವರೆಗೆ ನಡೆದ ದುರಸ್ತಿಯಲ್ಲಿ ಗೋಡೆ, ಮಾಡು ಎರಡಕ್ಕೂ ಹೊಸ ಗಿಲಾವು ಹಾಕಿ ಪರದೆ ತೆಗೆದಾಗ ಜಪಾನಿನವರಿಗೇ ಅಚ್ಚರಿಯಾಗಿತ್ತಂತೆ. ಬೆಳ್ಳಕ್ಕಿ ಎಂಬರ್ಥದ ಶಿರಸಗಿ ಎಂಬ ಹೆಸರನ್ನು ತುಸು ತಿರುಚಿ, ‘ತೀರಾ ಬಿಳಿ’ ಎಂಬರ್ಥ ಬರುವಂತೆ ಶಿರೊಸುಗಿ ಎಂದು ಕರೆದರು. ನಾವು ಕಾಲು ಎಳೆಯುತ್ತ ಹತ್ತುವಾಗ ಕೆಲವು ಗೋಡೆಗಳಲ್ಲಿ ಮಳೆಯ ಗೆರೆ ಮತ್ತೆ ಮೂಡಿತ್ತು.

ಮತ್ಸುಮೊತೊ ಕೋಟೆಯವರು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದಾರೆ. ಅಲ್ಲಿ ಪ್ರತಿ ಅಂತಸ್ತಿನ ಗೋಡೆಯ ಮೇಲ್ಭಾಗ ಸುಣ್ಣದ್ದು, ಎರಚಲು ಹೊಡೆಯುವ ಕೆಳಭಾಗಕ್ಕೆ ಕಪ್ಪು ಅರಗಿನ ಮೆರುಗು ಕೊಟ್ಟ ಹಲಗೆ. ಆ ಮೆರುಗನ್ನು ವರ್ಷವರ್ಷ ಬಳಿಯುತ್ತಾರೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದನ್ನು ಕಂಡವರಿಗೆ ಆ ಹಲಗೆ ಏನು ಮಾಡುತ್ತಿದೆ ಎಂದು ಕೂಡಲೆ ತಿಳಿಯುತ್ತದೆ.

ಹಿಮೆಜಿಯ ಮಾಡಿನ ತುದಿಗಳಲ್ಲಿ ಬಾಲ ಮೇಲೆತ್ತಿದ ಮೀನುಗಳಿವೆ, ಮುಖ ಹುಲಿಯದು. ಹೆಸರು ಶಾಚಿಹೊಕೊ. ಬೆಂಕಿ ಬಿದ್ದರೆ ನೀರು ಉಗುಳಿ ಆರಿಸುತ್ತದೆ ಎಂಬ ನಂಬಿಕೆ. ತ್ರಿಕೋನಾಕಾರದ ಮಾಡಿನ ಮುಖಕ್ಕೆ ತೂಗುಹಾಕಿದ ಮರದ ಅಲಂಕಾರದ ಹೆಸರೂ ‘ತೂಗುವ ಮೀನು’ ಎಂದೇ. ಅದು ತೊಲೆಯ ತುದಿಗೆ ಮಳೆ ತಾಗದಂತೆ ಮುಚ್ಚುತ್ತದೆ, ಬೆಂಕಿಗೆ ರಕ್ಷೆಯೂ ಆಗುತ್ತದೆ. ಇಷ್ಟಾದರೂ ಕೆಲವು ಗೋಪುರಗಳು ಹೋದದ್ದು ಮಳೆಯ ಜೊತೆಗೆ ಬರುವ ಸಿಡಿಲಿನಿಂದ. ನಿಜೋದಲ್ಲೂ ಐದಂತಸ್ತಿನ ಗೋಪುರ ಇತ್ತು, 1750ರಲ್ಲಿ ಸಿಡಿಲು ಬಡಿದು ಸುಟ್ಟಿತು. ಒಸಾಕಾದ ತೊಕುಗಾವಾ ಕಾಲದ ಗೋಪುರ 1665ರಲ್ಲಿ ಸಿಡಿಲಿಗೇ ಹೋಯಿತು. ಇಂದು ಅಲ್ಲಿ ಲಿಫ್ಟ್ ಹತ್ತಿ ನೋಡುವುದು 1931ರಲ್ಲಿ ಊರವರ ದೇಣಿಗೆಯಿಂದ ಕಟ್ಟಿದ ಕಾಂಕ್ರೀಟ್ ಕಟ್ಟಡ. ಎದೋ ಕೋಟೆಯ ಗೋಪುರ 1657ರ ಮಹಾ ಬೆಂಕಿಯಲ್ಲಿ ಹೋದ ಮೇಲೆ ಶೋಗನ್ ಅದನ್ನು ಮತ್ತೆ ಕಟ್ಟಿಸಲೇ ಇಲ್ಲ. ಹಳೆಯ ಕಾಲದ ಮರದ ಗೋಪುರ ಉಳಿದಿರುವುದು ಇಡೀ ದೇಶದಲ್ಲಿ ಹನ್ನೆರಡು ಮಾತ್ರ. 1945ರ ಜುಲೈನಲ್ಲಿ ಹಿಮೆಜಿ ಊರು ಬಾಂಬಿಗೆ ಸುಟ್ಟಾಗ ಗೋಪುರದ ಮೇಲಂತಸ್ತಿಗೂ ಒಂದು ಬೆಂಕಿಬಾಂಬು ಬಿತ್ತು. ಅದು ಸಿಡಿಯಲಿಲ್ಲ.

ಗೋಪುರದೊಳಗೆ ಹೋಗುವಾಗ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಏಣಿಯಷ್ಟು ಕಡಿದು. ಒದ್ದೆ ಕಾಲುಚೀಲದಲ್ಲಿ ಜಾರುತ್ತದೆ. ಒಣಗಿದ ಒಂದು ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು. ಕೆಳಗಿನಿಂದ ಮೇಲಿನವರೆಗೆ ಎರಡು ಮಹಾಸ್ತಂಭಗಳು ಅಂತಸ್ತುಗಳನ್ನು ಸೀಳಿಕೊಂಡು ಹೋಗುತ್ತವೆ, ಎತ್ತರ ಇಪ್ಪತ್ತನಾಲ್ಕು ಮೀಟರಿಗೂ ಹೆಚ್ಚು. ಪಡುವಣ ಕಂಬ ಶಿಥಿಲವಾಗಿದ್ದರಿಂದ 1956ರಿಂದ 1964ರವರೆಗಿನ ದುರಸ್ತಿಯಲ್ಲಿ ಎರಡು ಮರ ಜೋಡಿಸಿ ಹೊಸದು ನಿಲ್ಲಿಸಿದರು. ಮೂಡಣ ಕಂಬಕ್ಕೆ ಅಂಗೈ ಒತ್ತಿ ನಿಂತಾಗ ಮೇಲೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಸಣ್ಣಗೆ ಕೇಳುತ್ತಿತ್ತು.

ನಾನು ಎಲ್ಲಕ್ಕಿಂತ ಮನಸೋತದ್ದು ಕಲ್ಲಿನ ಗೋಡೆಗಳಿಗೆ. ಗೋಪುರ, ಮನೆ ಎಲ್ಲ ನಿಂತಿರುವುದು ಇಶಿಗಾಕಿ ಎಂಬ ಈ ಕಟ್ಟಣೆಯ ಮೇಲೆ. ಸುಣ್ಣವಿಲ್ಲ, ಮಣ್ಣಿನ ಅಂಟಿಲ್ಲ. ಕಲ್ಲಿಗೆ ಕಲ್ಲು ಕೂರಿಸಿದ್ದು. ಕೆಳಗೆ ಇಳಿಜಾರಾಗಿ ಶುರುವಾಗಿ ಮೇಲೆ ಹೋದಂತೆ ನೆಟ್ಟಗಾಗುವ ಬಾಗು, ಬೀಸಣಿಗೆಯ ಅಂಚಿನಂತೆ. ಮೂಲೆಯಲ್ಲಿ ಉದ್ದನೆಯ ಕಲ್ಲುಗಳನ್ನು ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಮಲಗಿಸಿ ಹೆಣೆದಿರುತ್ತಾರೆ. ಕಣ್ಣಿಗೆ ಕಾಣುವುದು ಇಷ್ಟು. ಗೋಡೆಯ ಜೀವ ಇರುವುದು ಕಾಣದ ಕಡೆ. ಮುಖದ ಕಲ್ಲುಗಳ ಹಿಂದೆ ಮುಷ್ಟಿ ಗಾತ್ರದ, ತಲೆ ಗಾತ್ರದ ಗುಂಡುಕಲ್ಲುಗಳ ದಪ್ಪ ಪದರ ತುಂಬಿರುತ್ತಾರೆ, ಅದರ ಹಿಂದೆ ದಿಬ್ಬದ ಮಣ್ಣು. ಮಳೆನೀರು ಮಣ್ಣಿನಿಂದ ಆ ಗುಂಡುಕಲ್ಲಿನ ನಡುವೆ ಇಳಿದು ಮುಖದ ಸಂದುಗಳಿಂದ ಹೊರಬರುತ್ತದೆ. ಸುಣ್ಣ ಹಾಕಿ ಸಂದು ಮುಚ್ಚಿದ್ದರೆ ನೀರು ಒಳಗೇ ನಿಂತು, ಮಣ್ಣು ಉಬ್ಬಿ, ಗೋಡೆಯನ್ನು ಹೊರಗೆ ನೂಕುತ್ತಿತ್ತು. ಹಾಗೆ ಗೋಡೆ ಮುಂದಕ್ಕೆ ಬಂದರೆ ಅದಕ್ಕೆ ಜಪಾನಿನಲ್ಲಿ ಹರಮಿ ಎನ್ನುತ್ತಾರೆ. ಬಸುರಾಗುವುದಕ್ಕೂ ಅದೇ ಮಾತು. ಹಳೆಯ ಗೋಡೆಗಳಲ್ಲಿ ಅದು ಈಗಲೂ ನಡೆಯುತ್ತದೆ. ಮರುಗಮೆ ಕೋಟೆಯ ಎತ್ತರದ ಕಲ್ಲುಗೋಡೆಗಳ ಒಂದು ಭಾಗ 2018ರ ಜುಲೈ ಮಳೆಗೆ ಕುಸಿಯಿತು, ಅಕ್ಟೋಬರಿನಲ್ಲಿ ಇನ್ನಷ್ಟು ಉರುಳಿತು. ಬಿದ್ದ ಒಂದೊಂದು ಕಲ್ಲನ್ನೂ ಗುರುತಿಸಿ ಮತ್ತೆ ಕೂರಿಸುವುದು ವರ್ಷಗಟ್ಟಲೆಯ ಕೆಲಸ.

ಮಳೆಗೆ ಬಿದ್ದ ಗೋಡೆಯೊಂದು ಸಾಮಂತನೊಬ್ಬನನ್ನೂ ಬೀಳಿಸಿದೆ. 1615ರಲ್ಲಿ ಶೋಗನ್ ಸರಕಾರ ಕಟ್ಟಳೆ ಹೊರಡಿಸಿತು: ಒಂದು ಸೀಮೆಗೆ ಒಂದೇ ಕೋಟೆ, ಅದನ್ನು ರಿಪೇರಿ ಮಾಡಬೇಕಾದರೂ ಅಪ್ಪಣೆ ಬೇಕು. ಹಿರೊಶಿಮಾದ ಒಡೆಯ ಫುಕುಶಿಮಾ ಮಸನೊರಿ ಸುಮಾರು ಐದು ಲಕ್ಷ ಕೊಕು ಹುಟ್ಟುವಳಿಯ ಸೀಮೆಯವನು. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವ ಅಕ್ಕಿ ಒಂದು ಕೊಕು. ನೆರೆಯಿಂದ ಕೆಟ್ಟ ಕೋಟೆಯನ್ನು ಅವನು ಸರಿಯಾದ ಅಪ್ಪಣೆಯಿಲ್ಲದೆ ರಿಪೇರಿ ಮಾಡಿಸಿದ ಎಂಬ ಕಾರಣಕ್ಕೆ 1619ರಲ್ಲಿ ಸೀಮೆಯನ್ನೇ ಕಿತ್ತುಕೊಂಡು, ದೂರದ ಕಡೆ ನಲವತ್ತೈದು ಸಾವಿರ ಕೊಕುವಿನ ಜಾಗಕ್ಕೆ ಕಳಿಸಿದರು. ಸೋರುವ ಮಾಡಿಗೆ ಹೆಂಚು ಹಾಕಿಸುವುದಕ್ಕೂ ಮೇಲಿನವರ ಮುಖ ನೋಡಬೇಕಾದ ಕಾಲ. ಎರಡೂವರೆ ಶತಮಾನ ದೊಡ್ಡ ಯುದ್ಧವಿಲ್ಲದೆ ಹೋದದ್ದಕ್ಕೆ ಈ ಬಿಗಿಯೂ ಒಂದು ಕಾರಣ.

ಇಳಿಯುವಷ್ಟರಲ್ಲಿ ಮಳೆ ನಿಂತಿತ್ತು. ಹೆಂಚಿನಿಂದ ಹನಿ ತೊಟ್ಟಿಕ್ಕುವುದೂ ಕಡಿಮೆಯಾಗಿತ್ತು. ಕೊಡೆ ಮಡಿಸಿ ಗೈಡಮ್ಮ ಕೊನೆಯದಾಗಿ ಒಂದು ಕಲ್ಲುಗೋಡೆಯ ಬುಡಕ್ಕೆ ಕರೆದುಕೊಂಡು ಹೋದರು. ಕಲ್ಲುಗಳ ಸಂದಿನಿಂದ ನೀರು ಇನ್ನೂ ಇಳಿಯುತ್ತಿತ್ತು, ತಿಳಿಯಾಗಿ, ಸದ್ದಿಲ್ಲದೆ. ಬೆಳಗ್ಗೆ ಮೇಲೆ ಬಿದ್ದ ಮಳೆ ಈಗ ಹೊರಗೆ ಬರುತ್ತಿದೆ ಎಂದರು. ಮಳೆ ಸುರಿದ ಮೇಲೂ ಗೋಡೆ ಒಣಗಿಯೇ ಇದ್ದರೆ ಆಗ ಹೆದರಬೇಕಂತೆ.